ತೆಳು ಲ್ಯಾಪ್‌ಟಾಪ್ ಬಿಚ್ಚುವ ಮುಂಚೆ

"ಸುಮ್ನೆ ಒಂದ್ಸಲ ಬಿಚ್ಚಿ ನೋಡಿ ಮಾರಾಯ್ರೆ, ಎಂತದ್ದೂ ದೊಡ್ಡದು ಇರ್ಲಿಕ್ಕಿಲ್ಲ."

ಶಿರಸಿಯ ನನ್ನ ಅಂಗಡಿಗೆ ಲ್ಯಾಪ್‌ಟಾಪ್ ತರುವವರಲ್ಲಿ ಅರ್ಧ ಜನ ಮಾತು ಶುರು ಮಾಡುವುದೇ ಹೀಗೆ. ಡೆಸ್ಕ್‌ಟಾಪ್ ಕಾಲದಲ್ಲಿ ಈ ಮಾತು ನಡೆಯುತ್ತಿತ್ತು. ವೈರ್ ಕಿತ್ತು, ಪಕ್ಕದ ಬಾಗಿಲು ತೆಗೆದು, ರ‍್ಯಾಮ್ ಒರೆಸಿ ಮತ್ತೆ ಹಾಕಿದರೆ ಎಷ್ಟೋ ಮಷೀನು ಎದ್ದು ಕೂರುತ್ತಿದ್ದವು. ಆಗಿನ ದಪ್ಪ ಲ್ಯಾಪ್‌ಟಾಪಿಗೂ ಅದೇ ಮಾತು. ತಿರುಗಿಸಿ ಹಾಕಿ ಎರಡು ಲಾಕ್ ಸರಿಸಿದರೆ ಬ್ಯಾಟರಿ ಕೈಗೆ ಬರುತ್ತಿತ್ತು. ಕರೆಂಟಿನ ಮೂಲವೇ ಹೊರಗೆ ಬಂದ ಮೇಲೆ ಹೆದರುವುದೇನಿದೆ?

2008ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಮ್ಯಾಕ್‌ಬುಕ್ ಏರ್ ಅನ್ನು ಕಾಗದದ ಲಕೋಟೆಯಿಂದ ಹೊರಗೆ ಎಳೆದು ತೋರಿಸಿದ್ದು ನೆನಪಿರಬಹುದು. ಅದರ ಬ್ಯಾಟರಿ ಒಳಗೇ ಕೂತಿತ್ತು. ಆಮೇಲೆ ಒಬ್ಬೊಬ್ಬರಾಗಿ ಎಲ್ಲ ಕಂಪನಿಯವರೂ ಅದೇ ದಾರಿ ಹಿಡಿದರು. ನಮ್ಮೂರಿಗೆ ಇಂಥವು ಗುಂಪಾಗಿ ಬಂದದ್ದು 2020ರಲ್ಲಿ. ಬೆಂಗಳೂರಿನಿಂದ ಹುಡುಗರು, ಹುಡುಗಿಯರು ಲ್ಯಾಪ್‌ಟಾಪ್ ಬ್ಯಾಗ್ ಹಾಕಿಕೊಂಡು ತೋಟದ ಮನೆಗೆ ಬಂದರಲ್ಲ, ಆಗ. ಈಗ ನನ್ನ ಟೇಬಲ್ ಮೇಲೆ ಬರುವುದು ಜಾಸ್ತಿ ತೆಳುವಿನದೇ.

ಇದನ್ನು ಬಿಚ್ಚುವುದು ಕಷ್ಟ ಅಂತ ನಾನು ಹೇಳುವುದಿಲ್ಲ. ಹತ್ತು ಸ್ಕ್ರೂ ತೆಗೆದರೆ ಕೆಳಗಿನ ಕವರ್ ಬರುತ್ತದೆ. ಆದರೆ ಕವರ್ ತೆಗೆದಾಗ ಎದುರಿಗೆ ಕಾಣುವ ಜಾಗದಲ್ಲಿ ಅರ್ಧದಷ್ಟು ಬ್ಯಾಟರಿಯೇ ಇರುತ್ತದೆ. ಅದಕ್ಕೆ ಗಟ್ಟಿ ಡಬ್ಬಿ ಇಲ್ಲ, ಬೆಳ್ಳಿ ಬಣ್ಣದ ಮೆತ್ತನೆ ಚೀಲ ಅಷ್ಟೇ. ಸ್ವಿಚ್ ಆಫ್ ಮಾಡಿದ್ದರೂ ಒಳಗಿನ ಮುಖ್ಯ ಬೋರ್ಡಿನ ಕೆಲವು ಕಡೆ ಕರೆಂಟು ಇದ್ದೇ ಇರುತ್ತದೆ. ಅಂದರೆ ಸ್ಕ್ರೂಡ್ರೈವರ್ ಹಿಡಿದು ನಾವು ಕೈ ಹಾಕುವುದು ಜೀವಂತ ಮಷೀನಿಗೆ. ಹಾಗಾಗಿ ನನ್ನ ಕೆಲಸದಲ್ಲಿ ಮೊದಲ ಕಾಲು ಗಂಟೆಯೇ ಮುಖ್ಯ. ಉಳಿದದ್ದು ತಾಳ್ಮೆಯ ವಿಷಯ.

ಬಿಚ್ಚುವ ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ಇದು ನಿಮ್ಮದಾ, ಕಂಪನಿಯದ್ದಾ? ಹಿಂದೆ ಕಂಪನಿಯ ಸ್ಟಿಕ್ಕರ್ ಇದ್ದರೆ ನಾನು ಮುಟ್ಟುವುದಿಲ್ಲ. ಬೈಯ್ದುಕೊಂಡು ಹೋದವರೂ ಇದ್ದಾರೆ, ಹೋಗಲಿ. ಎರಡನೆಯದು, ಡೇಟಾ ಎಲ್ಲಿದೆ? ವಿಂಡೋಸ್ 11 ಇರುವ ಎಷ್ಟೋ ಮಷೀನುಗಳಲ್ಲಿ ಡಿಸ್ಕ್ ತಾನಾಗಿಯೇ ಬಿಟ್‌ಲಾಕರಿನಿಂದ ಬೀಗ ಹಾಕಿಕೊಂಡಿರುತ್ತದೆ. ಬೋರ್ಡ್ ಬದಲಾಯಿಸಿದರೆ, ಕೆಲವು ಸಲ ಬಯಾಸ್ (ವಿಂಡೋಸಿಗಿಂತ ಮೊದಲು ಏಳುವ ಬೋರ್ಡಿನ ಪ್ರೋಗ್ರಾಂ) ಸೆಟ್ಟಿಂಗ್ ಬದಲಾದರೂ ಸಾಕು, 48 ಅಂಕಿಯ ಕೀ ಕೇಳುತ್ತದೆ. ಆ ಕೀ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಸಿಗುತ್ತದೆ. ಆದರೆ ಅಕೌಂಟು ಅಳಿಯನ ಹೆಸರಿನಲ್ಲಿ, ಅಳಿಯ ದುಬೈನಲ್ಲಿ ಅಂತಾದರೆ ಕಥೆ ಮುಗಿಯಿತು. ಕೀ ಬರೆದು ತಂದ ಮೇಲೆ, ಬ್ಯಾಕಪ್ ಆದ ಮೇಲೆ ಕೆಲಸ.

ಈಗ ಬ್ಯಾಟರಿ. ಕಳೆದ ಮಳೆಗಾಲದಲ್ಲಿ ಅಕ್ಕೋರೊಬ್ಬರು ಲ್ಯಾಪ್‌ಟಾಪ್ ತಂದರು. "ತಮಾ, ಟಚ್‌ಪ್ಯಾಡ್ ಒತ್ತಿದ್ರೆ ಕ್ಲಿಕ್ ಆಗ್ತಾ ಇಲ್ಲೆ. ಅದೊಂದು ಸರಿ ಮಾಡಿಕೊಡು" ಅಂದರು. ಟೇಬಲ್ ಮೇಲೆ ಇಟ್ಟೆ. ಒಂದು ಮೂಲೆ ಒತ್ತಿದರೆ ಇನ್ನೊಂದು ಮೂಲೆ ಎದ್ದಿತು. ಮುಚ್ಚಿದಾಗ ಮುಂದಿನ ಅಂಚಿನಲ್ಲಿ ಸಣ್ಣ ಸಂದಿ. ಟಚ್‌ಪ್ಯಾಡಿಗೆ ಏನೂ ಆಗಿರಲಿಲ್ಲ. ಅದರ ಕೆಳಗೆ ಬ್ಯಾಟರಿ ಊದಿ, ಪ್ಯಾಡನ್ನು ಮೇಲಕ್ಕೆ ತಳ್ಳುತ್ತಿತ್ತು. ಹಳ್ಳಿ ಕಡೆ ಕರೆಂಟು ಯಾವಾಗ ಹೋಗುತ್ತದೆ ಅಂತ ಹೇಳಲು ಬರುವುದಿಲ್ಲ, ಹಾಗಾಗಿ ಅವರು ಹಗಲೂ ರಾತ್ರಿ ಚಾರ್ಜಿಗೆ ಹಾಕಿಯೇ ಇಡುತ್ತಿದ್ದರು. ಲಿಥಿಯಂ ಬ್ಯಾಟರಿಗೆ ತುಂಬಿ ನಿಂತ ಸ್ಥಿತಿ ಮತ್ತು ಬಿಸಿ, ಇವೆರಡೂ ಆಗಿಬರುವುದಿಲ್ಲ. ಒಳಗಿನ ದ್ರವ ನಿಧಾನಕ್ಕೆ ಕೆಟ್ಟು ಗ್ಯಾಸ್ ಆಗುತ್ತದೆ. ಚೀಲ ಚಿಪ್ಸ್ ಪ್ಯಾಕೆಟ್ಟಿನ ಹಾಗೆ ಊದುತ್ತದೆ.

"ಸೂಜಿ ಚುಚ್ಚಿ ಗಾಳಿ ತೆಗೆದ್ರೆ ಆಗ್ತದಂತಲ್ಲ?" ಅಂತ ಅಕ್ಕೋರು ಕೇಳಿದರು. ಯಾರೋ ವಿಡಿಯೋದಲ್ಲಿ ಹಾಗೆ ಮಾಡಿದ್ದನ್ನು ನೋಡಿದ್ದರಂತೆ. ದಯವಿಟ್ಟು ಮಾಡಬೇಡಿ. ಚೀಲದ ಒಳಗೆ ಎರಡು ಲೋಹದ ಹಾಳೆಗಳ ನಡುವೆ ಇರುವುದು ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಪದರ. ಸೂಜಿ ಅದನ್ನು ದಾಟಿದರೆ ಒಳಗೇ ಶಾರ್ಟ್ ಆಗುತ್ತದೆ. ಒಂದು ಸೆಲ್ ಬಿಸಿಯೇರಿ ಪಕ್ಕದ ಸೆಲ್ಲಿಗೂ ಹಬ್ಬುತ್ತದೆ. ಆಗ ಬರುವ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್‌ನಂಥ ವಿಷ ಇರುತ್ತದೆ. ಬೆಂಕಿಗಿಂತ ಮೊದಲು ಆ ಹೊಗೆಗೆ ಹೆದರಬೇಕು.

ಇಂಥದ್ದು ಬಂದರೆ ನಾನು ಮಾಡುವುದು ಹೀಗೆ. ಮೊದಲು ಚಾರ್ಜರ್ ದೂರ. ಮತ್ತೆ ಆ ಬ್ಯಾಟರಿ ಜನ್ಮದಲ್ಲಿ ಚಾರ್ಜ್ ಕಾಣುವುದಿಲ್ಲ. ಮಷೀನು ಬಿಸಿ ಇಲ್ಲ, ವಾಸನೆ ಇಲ್ಲ ಅಂತಾದರೆ, ಸಿಮೆಂಟ್ ನೆಲದ ಮೇಲೆ ಕಣ್ಣೆದುರೇ ಇಟ್ಟುಕೊಂಡು ಚಾರ್ಜ್ ಶೇಕಡ 25ಕ್ಕಿಂತ ಕೆಳಗೆ ಇಳಿಯುವವರೆಗೆ ಓಡಿಸುತ್ತೇನೆ. ತುಂಬಿದ ಬ್ಯಾಟರಿಯಲ್ಲಿ ಕಿಚ್ಚು ಜಾಸ್ತಿ, ಖಾಲಿಯಾದದ್ದರಲ್ಲಿ ಕಡಿಮೆ. ಊದದ ಬ್ಯಾಟರಿ ಇದ್ದರೂ ನನ್ನ ಅಭ್ಯಾಸ ಇದೇ. ಸಿಹಿ ಸಿಹಿ ವಾಸನೆ, ಪೇಂಟ್ ಥಿನ್ನರಿನ ಥರದ್ದು, ಬಂತೋ ಆಗ ಬಿಚ್ಚುವ ಮಾತೇ ಇಲ್ಲ. ಹೊರಗೆ ಅಂಗಳಕ್ಕೆ ಒಯ್ದು ಇಡುವುದು.

ಬ್ಯಾಟರಿ ಸ್ಕ್ರೂನಲ್ಲಿ ಕೂತಿದ್ದರೆ ಪುಣ್ಯ. ಅಂಟಿಸಿದ್ದರೆ ತಾಪತ್ರಯ. ಕೆಲವಕ್ಕೆ ಎಳೆದರೆ ಬಿಟ್ಟುಕೊಳ್ಳುವ ಪಟ್ಟಿ ಇರುತ್ತದೆ, ಅದನ್ನು ಅಡ್ಡಡ್ಡ ಎಳೆಯಬೇಕು, ಮೇಲಕ್ಕಲ್ಲ. ಇಲ್ಲದಿದ್ದರೆ ಐಸೋಪ್ರೊಪೈಲ್ ಆಲ್ಕೋಹಾಲ್ ಅಂಚಿಗೆ ಹನಿ ಹನಿ ಬಿಟ್ಟು ಕಾದು, ಪ್ಲಾಸ್ಟಿಕ್ ಕಾರ್ಡಿನಿಂದ ಸ್ವಲ್ಪ ಸ್ವಲ್ಪವೇ ಬಿಡಿಸುವುದು. ಲೋಹದ ಉಪಕರಣ ಇಲ್ಲಿ ಕೂಡದು. ಬಾಗಿಸಲೂ ಬಾರದು. ಊದಿದ್ದು ಅಂಟಿಕೊಂಡಿದ್ದರೆ ಮನೆಯಲ್ಲಿ ಕೈ ಹಾಕಬೇಡಿ, ನನ್ನಂಥವರಿಗೋ ಕಂಪನಿಯವರಿಗೋ ಕೊಡಿ. ಆಲ್ಕೋಹಾಲ್ ಕೂಡ ಹೊತ್ತಿಕೊಳ್ಳುವ ವಸ್ತು, ಹಾಗಾಗಿ ಪಕ್ಕದಲ್ಲಿ ಸೋಲ್ಡರಿಂಗ್ ಐರನ್ ಬಿಸಿ ಇರಬಾರದು.

ನನ್ನ ಟೇಬಲ್ ಕೆಳಗೆ ಒಂದು ತಗಡಿನ ಬಕೆಟ್ ಒಣ ಮರಳು ಇರುತ್ತದೆ. ನೋಡಿದವರು ನಗುತ್ತಾರೆ. ಲಿಥಿಯಂ ಅಂದ ಕೂಡಲೇ ನೀರು ಸೋಕಿಸಲೇಬಾರದು ಅನ್ನುವವರೂ ಇದ್ದಾರೆ. ಈ ಬ್ಯಾಟರಿಗಳಿಗೆ ಅದು ಅಷ್ಟು ಸರಿಯಲ್ಲ. ವಿಮಾನದೊಳಗೆ ಲ್ಯಾಪ್‌ಟಾಪ್ ಹೊತ್ತಿಕೊಂಡರೆ ಸಿಬ್ಬಂದಿ ನೀರು ಸುರಿದು ತಣ್ಣಗೆ ಮಾಡುತ್ತಾರೆ, ಯಾಕೆಂದರೆ ಬಿಸಿ ಇಳಿಸದಿದ್ದರೆ ಆರಿದ ಹಾಗೆ ಕಂಡದ್ದು ಮತ್ತೆ ಹೊತ್ತುತ್ತದೆ. ಆದರೆ ಮೇನ್ಸಿಗೆ ಸಿಕ್ಕಿಸಿದ ಮಷೀನಿನ ಮೇಲೆ ನೀರು ಹಾಕಬಾರದು, ಅದು ಬೇರೆ ಮಾತು. ಬುಸ್ ಅಂತ ಸದ್ದು ಬಂದು ಹೊಗೆ ಎದ್ದರೆ ಲ್ಯಾಪ್‌ಟಾಪ್ ಉಳಿಸಲು ಹೋಗಬೇಡಿ. ಜನ ಹೊರಗೆ ಹೋಗಬೇಕು.

ತೆಗೆದ ಬ್ಯಾಟರಿಯ ಪಿನ್ನುಗಳಿಗೆ ಟೇಪ್ ಸುತ್ತಿ, ಮರಳಿನ ಡಬ್ಬಿಯಲ್ಲಿ, ಅಂಗಡಿಯ ಹೊರಗೆ ಇಡುತ್ತೇನೆ. ಊರಿನ ಕಸದ ಗಾಡಿಗೆ ಹಾಕುವಂತಿಲ್ಲ. ಕಸ ಒತ್ತುವ ಗಾಡಿಯೊಳಗೆ ಇದು ನುಜ್ಜುಗುಜ್ಜಾದರೆ ಬೆಂಕಿ ಹೊತ್ತಬಹುದು. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯ ಬ್ಯಾಟರಿ ವಾಪಸ್ ತೆಗೆದುಕೊಳ್ಳುವ ಹೊಣೆ ಮಾರುವ ಕಂಪನಿಗಳದ್ದು. ಕಾಗದದಲ್ಲಿ ಚೆನ್ನಾಗಿದೆ. ಘಟ್ಟದ ಮೇಲೆ ಕೂತವನಿಗೆ ಅದನ್ನು ಹುಬ್ಬಳ್ಳಿಯವರೆಗೆ ಯಾರು ಒಯ್ಯುತ್ತಾರೆ ಅನ್ನುವುದೇ ಪ್ರಶ್ನೆ.

ಹೊಸ ಬ್ಯಾಟರಿ ಕೊಳ್ಳುವಾಗಲೂ ಕಣ್ಣು ಬಿಡಬೇಕು. ನಮ್ಮ ದೇಶದಲ್ಲಿ ಲಿಥಿಯಂ ಬ್ಯಾಟರಿಗೆ ಐಎಸ್ 16046 ಗುರುತು ಕಡ್ಡಾಯ. ಅದರ ಜೊತೆ 'ಆರ್' ಅಕ್ಷರದಿಂದ ಶುರುವಾಗುವ ನಂಬರ್ ಇರುತ್ತದೆ. ಸರಕಾರದ ಗುಣಮಟ್ಟ ಸಂಸ್ಥೆಯ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಯಾವ ಕಾರ್ಖಾನೆಯದ್ದು ಅಂತ ಬರುತ್ತದೆ. ಅರ್ಧ ಬೆಲೆಗೆ ಸಿಗುವ 'ಕಾಪಿ' ಮಾಲಿನ ಮೇಲೆ ಈ ನಂಬರ್ ಇರುವುದಿಲ್ಲ, ಇಲ್ಲವೇ ಬೇರೆ ಏನೋ ವಸ್ತುವಿನದ್ದು ಇರುತ್ತದೆ. ಗಿರಾಕಿ ಎಷ್ಟೇ ಒತ್ತಾಯ ಮಾಡಿದರೂ ನಾನು ಅಂಥದ್ದು ಹಾಕುವುದಿಲ್ಲ.

ಊದಿಲ್ಲ, ಬರೀ ಬೇಗ ಖಾಲಿಯಾಗುತ್ತದೆ ಅನ್ನುವವರು ಅಂಗಡಿಗೆ ಬರುವುದೇ ಬೇಡ. ವಿಂಡೋಸಿನ ಕಮಾಂಡ್ ಪ್ರಾಂಪ್ಟಿನಲ್ಲಿ 'ಪವರ್‌ಸಿಎಫ್‌ಜಿ', ಒಂದು ಜಾಗ ಬಿಟ್ಟು ಓರೆಗೆರೆ, ಅದಕ್ಕೆ ಅಂಟಿಸಿ 'ಬ್ಯಾಟರಿರಿಪೋರ್ಟ್' ಅಂತ ಇಂಗ್ಲಿಷಿನಲ್ಲಿ ಹೊಡೆದರೆ ಒಂದು ವರದಿ ಬರುತ್ತದೆ. ಹೊಸದರಲ್ಲಿ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ, ಎರಡೂ ಅದರಲ್ಲಿರುತ್ತವೆ. ಯಾವಾಗಲೂ ಚಾರ್ಜಿನಲ್ಲೇ ಇಡುವವರು ಕಂಪನಿಯ ಆ್ಯಪಿನಲ್ಲಿ ಶೇಕಡ 80ಕ್ಕೆ ನಿಲ್ಲಿಸುವ ಸೆಟ್ಟಿಂಗ್ ಹುಡುಕಿ. ಅಕ್ಕೋರಿಗೂ ಅದನ್ನೇ ಮಾಡಿಕೊಟ್ಟೆ.

ಸ್ಕ್ರೂ ವಿಷಯಕ್ಕೆ ಬರೋಣ. ಒಂದು ಬಿಳಿ ಹಾಳೆಯ ಮೇಲೆ ಲ್ಯಾಪ್‌ಟಾಪಿನ ಬೆನ್ನಿನ ಚಿತ್ರ ಬರೆಯುತ್ತೇನೆ. ಯಾವ ಮೂಲೆಯಿಂದ ತೆಗೆದ ಸ್ಕ್ರೂವೋ ಚಿತ್ರದ ಅದೇ ಜಾಗಕ್ಕೆ ಅಂಟುವ ಟೇಪಿನ ಮೇಲೆ. ಇದು ಶಿಸ್ತಿನ ಪ್ರದರ್ಶನ ಅಲ್ಲ. 2017ರ ಮ್ಯಾಕ್‌ಬುಕ್ ಏರ್ ತೆಗೆದುಕೊಳ್ಳಿ. ಕೆಳಗೆ ಹತ್ತು ಸ್ಕ್ರೂ. ಎಂಟು 2.6 ಮಿಲಿಮೀಟರ್, ಹಿಂಜ್ ಹತ್ತಿರದ ಎರಡು ಮಾತ್ರ 9 ಮಿಲಿಮೀಟರ್. ತೆಳು ಮಷೀನಿನಲ್ಲಿ ಗಿಡ್ಡ ಸ್ಕ್ರೂ ಜಾಗಕ್ಕೆ ಉದ್ದದ್ದು ಹಾಕಿ ತಿರುಗಿಸಿದರೆ ಅದು ಒಳಗಿನ ಬೋರ್ಡಿಗೋ, ಬ್ಯಾಟರಿಗೋ, ಕೀಬೋರ್ಡಿಗೋ ಚುಚ್ಚಿಕೊಳ್ಳುತ್ತದೆ. ಬೇರೆ ಕಡೆ ರಿಪೇರಿ ಆಗಿ ಬಂದ ಮಷೀನುಗಳಲ್ಲಿ ಇದನ್ನು ಎಷ್ಟೋ ಸಲ ಕಂಡಿದ್ದೇನೆ. ಬೋರ್ಡಿನ ಪದರದಲ್ಲಿ ಗುಂಡನೆ ಗಾಯ, ಆಮೇಲೆ ಆ ಬೋರ್ಡು ಏಳುವುದಿಲ್ಲ.

ಆ ಮ್ಯಾಕಿನ ಸ್ಕ್ರೂ ತಲೆಗೆ ಐದು ದಳ. ಅದಕ್ಕೆ ಪಿ5 ಅನ್ನುವ ಬಿಟ್ ಬೇಕು. ಡೆಲ್ ಎಕ್ಸ್‌ಪಿಎಸ್ 13ರ ಕವರಿಗೆ ಆರು ಮೂಲೆಯ ನಕ್ಷತ್ರದಂಥ ಟಾರ್ಕ್ಸ್ ಟಿ5 ಬಿಟ್. ಹತ್ತಿರದ ಸೈಜು ಅಂತ ಒತ್ತಿ ತಿರುಗಿಸಿದರೆ ತಲೆ ಸವೆದು ಗುಂಡಗಾಗುತ್ತದೆ. ಕೆಲವು ಎಚ್‌ಪಿ ಮಾಡೆಲ್‌ಗಳಲ್ಲಿ ಕೆಳಗಿನ ರಬ್ಬರ್ ಪಟ್ಟಿಯ ಅಡಿಯಲ್ಲೂ ಸ್ಕ್ರೂ ಇರುತ್ತವೆ. ಕಾಣದ ಸ್ಕ್ರೂ ಒಂದು ಉಳಿದಿರುವಾಗ ಕವರ್ ಎಳೆದರೆ ಲಟಕ್. ಹಾಗಾಗಿ ಊಹೆ ಬೇಡ. ಲೆನೊವೊ, ಡೆಲ್, ಎಚ್‌ಪಿ ಮೂವರೂ ತಮ್ಮ ಬಹಳಷ್ಟು ಮಾಡೆಲ್‌ಗಳ ಸರ್ವಿಸ್ ಪುಸ್ತಕವನ್ನು ವೆಬ್‌ಸೈಟಿನಲ್ಲಿ ಬಿಟ್ಟಿ ಕೊಡುತ್ತಾರೆ. ಯಾವ ಸ್ಕ್ರೂ ಎಲ್ಲಿ, ಯಾವುದು ಮೊದಲು, ಎಲ್ಲ ಚಿತ್ರದ ಸಮೇತ ಇದೆ. ಇಷ್ಟು ಒಳ್ಳೆ ವಸ್ತು ಪುಕ್ಕಟೆ ಇರುವಾಗ ಜನ ಯಾಕೆ ಅರೆಬರೆ ವಿಡಿಯೋ ನೋಡಿ ಬಿಚ್ಚುತ್ತಾರೋ ನನಗೆ ತಿಳಿಯದು.

ಕವರ್ ತೆಗೆದ ತಕ್ಷಣ ಮೊದಲು ಬ್ಯಾಟರಿ ಕನೆಕ್ಟರ್. ಧೂಳು ಹೊಡೆಯುವುದಿರಲಿ, ಎಸ್‌ಎಸ್‌ಡಿ ಬದಲಿಸುವುದಿರಲಿ, ಅದಕ್ಕಿಂತ ಮುಂಚೆ ಏನೂ ಇಲ್ಲ. ವೈರ್ ಹಿಡಿದು ಎಳೆಯುವುದಲ್ಲ, ಪ್ಲಾಸ್ಟಿಕ್ ತುದಿಯಿಂದ ಎರಡೂ ಬದಿ ಸಮನಾಗಿ ಸರಿಸುವುದು. ಕೆಲವು ಮೇಲಕ್ಕೆ ಬರುತ್ತವೆ, ಕೆಲವು ಬೋರ್ಡಿಗೆ ಸಮನಾಗಿ ಪಕ್ಕಕ್ಕೆ ಜಾರುತ್ತವೆ. ಮತ್ತೆ ಪವರ್ ಬಟನ್ ಹದಿನೈದು ಇಪ್ಪತ್ತು ಸೆಕೆಂಡ್ ಒತ್ತಿ ಹಿಡಿದು, ಬೋರ್ಡಿನಲ್ಲಿ ಉಳಿದ ಕರೆಂಟು ಇಳಿಸುವುದು.

ಇದನ್ನು ಬಿಟ್ಟರೆ ಏನಾಗುತ್ತದೆ? ಸ್ಕ್ರೀನಿನ ಕೇಬಲ್ ಉದಾಹರಣೆ ಸಾಕು. ಬ್ಯಾಕ್‌ಲೈಟ್ ಉರಿಯಲು ಬ್ಯಾಟರಿಗಿಂತ ಜಾಸ್ತಿ ವೋಲ್ಟೇಜ್ ಬೇಕು, ಬೋರ್ಡಿನಲ್ಲಿ ಅದನ್ನು ಏರಿಸುವ ಸರ್ಕ್ಯೂಟ್ ಇರುತ್ತದೆ. ಆ ಕನೆಕ್ಟರಿನಲ್ಲಿ ಪಿನ್ನುಗಳು ಒತ್ತೊತ್ತಾಗಿ ಕೂತಿರುತ್ತವೆ. ಬ್ಯಾಟರಿ ಇರುವಾಗ ಕೇಬಲ್ ಸ್ವಲ್ಪ ಓರೆಯಾಗಿ ಎಳೆದರೂ ಬ್ಯಾಕ್‌ಲೈಟ್ ಕರೆಂಟು ಪಕ್ಕದ ಪಿನ್ನಿಗೆ ಹಾರಬಹುದು. ಫ್ಯೂಸ್ ಮಾತ್ರ ಹೋದರೆ ಅದೃಷ್ಟ.

ರಿಬ್ಬನ್ ಕೇಬಲ್ಲುಗಳಿಗೆ ಎರಡು ಥರದ ಲಾಕ್. ಒಂದು ರೆಪ್ಪೆ ಎತ್ತಿದ ಹಾಗೆ ಮೇಲಕ್ಕೆ ತೆರೆಯುತ್ತದೆ, ಇನ್ನೊಂದು ಎರಡೂ ಕಡೆಯಿಂದ ಮುಂದಕ್ಕೆ ಸರಿಯುತ್ತದೆ. ಟಾರ್ಚ್ ಬಿಟ್ಟು ನೋಡಿ, ಯಾವ ಥರದ್ದು ಅಂತ ಖಾತ್ರಿಯಾದ ಮೇಲೆ ಮುಟ್ಟಿ. ಲಾಕ್ ಮುರಿದರೆ ಬಿಡಿಭಾಗ ಸಿಗುವುದಿಲ್ಲ, ಬೋರ್ಡಿನ ಕೆಲಸವೇ ಆಗುತ್ತದೆ.

ಇನ್ನೊಂದು ದೂರು ಹಳೆ ಮನೆಗಳಿಂದ ಬರುತ್ತದೆ. "ಲ್ಯಾಪ್‌ಟಾಪ್ ಮುಟ್ಟಿದ್ರೆ ಜುಮ್ ಅನ್ನುತ್ತೆ." ಅಲ್ಯೂಮಿನಿಯಂ ಬಾಡಿ ಇರುವ ತೆಳು ಮಷೀನಿನಲ್ಲಿ ಇದು ಜಾಸ್ತಿ ಗೊತ್ತಾಗುತ್ತದೆ. ಟೆಸ್ಟರ್ ಇಟ್ಟರೆ ಮಿಣುಮಿಣು ಉರಿಯುತ್ತದೆ, ಮನೆಯವರು ಗಾಬರಿ. ಚಾರ್ಜರಿನೊಳಗೆ ವಿದ್ಯುತ್ತಿನ ಗಲಾಟೆ (ನಾಯ್ಸ್) ತಡೆಯಲು ಮೇನ್ಸ್ ಬದಿಗೂ ಔಟ್‌ಪುಟ್ ಬದಿಗೂ ನಡುವೆ ಒಂದು ಸಣ್ಣ ಕೆಪಾಸಿಟರ್ ಹಾಕಿರುತ್ತಾರೆ. ಅದರ ಮೂಲಕ ತೀರಾ ಕಡಿಮೆ ಕರೆಂಟು ಸೋರುತ್ತದೆ. ಅರ್ಥಿಂಗ್ ಇದ್ದರೆ ಅದು ನೆಲಕ್ಕೆ ಹೋಗುತ್ತದೆ, ಇಲ್ಲದಿದ್ದರೆ ನಿಮ್ಮ ಮುಂಗೈಗೆ. ಕಂಪನಿ ಚಾರ್ಜರ್ ಆದರೆ ಜೀವಕ್ಕೆ ಅಪಾಯ ಇಲ್ಲ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿಗೆ ಬದಲಿಸುವ ಕಡ್ಡಿ ಬಿಟ್ಟು, ಅರ್ಥ್ ಇರುವ ಪಾಯಿಂಟಿಗೆ ಹಾಕಿದರೆ ಎಷ್ಟೋ ಚಾರ್ಜರುಗಳಲ್ಲಿ ಜುಮ್ ನಿಲ್ಲುತ್ತದೆ. ಬಸ್ ಸ್ಟ್ಯಾಂಡ್ ಹತ್ತಿರದ ಅಗ್ಗದ ಚಾರ್ಜರಿನ ಬಗ್ಗೆ ಮಾತ್ರ ನಾನು ಆ ಧೈರ್ಯ ಹೇಳಲಾರೆ. ಒಳಗೆ ಮೇನ್ಸಿನಿಂದ ಎಷ್ಟು ದೂರ ಬಿಟ್ಟಿದ್ದಾರೋ ಯಾರಿಗೆ ಗೊತ್ತು?

ಸ್ಟ್ಯಾಟಿಕ್ ಕರೆಂಟಿಗೆ ಮಲೆನಾಡಿನ ಮಳೆಗಾಲ ಒಳ್ಳೆಯದು. ಗಾಳಿಯೇ ಒದ್ದೆ. ಚಳಿಗಾಲ ಮುಗಿದು ಗಾಳಿ ಒಣಗಿದಾಗ ಎಚ್ಚರ. ಬೆರಳಿಗೆ ಚಟ್ ಅಂತ ನಮಗೆ ತಿಳಿಯಬೇಕಾದರೆ ಸುಮಾರು 3000 ವೋಲ್ಟ್ ಆಗಿರಬೇಕು. ಚಿಪ್ಪುಗಳಿಗೆ ಅದರ ಹತ್ತನೇ ಒಂದು ಪಾಲೂ ಸಾಕು. ನಾನು ಹತ್ತಿ ಅಂಗಿ ಹಾಕಿ, ಸ್ಟ್ಯಾಟಿಕ್ ಅನ್ನು ನೆಲಕ್ಕೆ ಇಳಿಸುವ ಪಟ್ಟಿ ಕೈಗೆ ಕಟ್ಟಿ ಕೂರುತ್ತೇನೆ. ಆ ಪಟ್ಟಿಯ ವೈರಿನಲ್ಲಿ ಒಂದು ಮೆಗಾಓಮ್ ರೆಸಿಸ್ಟರ್ ಇರುತ್ತದೆ, ಎಲ್ಲಾದರೂ ಮೇನ್ಸ್ ತಾಗಿದರೆ ನಮ್ಮನ್ನು ಉಳಿಸಲಿಕ್ಕೆ. ಅದರ ಬದಲು ಬರೀ ತಾಮ್ರದ ತಂತಿ ಸುತ್ತಿಕೊಳ್ಳುವ ಜಾಣತನ ಬೇಡ.

ಧೂಳಿನ ಕೆಲಸ ಸುಲಭ. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದ ಹಾಗೆ ಬೆರಳಿನಿಂದ ತಡೆಯಿರಿ, ಅಷ್ಟೇ. ನಮ್ಮಲ್ಲಿ ಧೂಳಿಗಿಂತ ಇರುವೆ ಜಾಸ್ತಿ. ಬೆಚ್ಚಗಿನ ಜಾಗ ಅಂತ ಮೊಟ್ಟೆ ಸಮೇತ ಸಂಸಾರ ಹೂಡಿರುತ್ತವೆ. ಒಳಗೆ ಇರುವೆ ಮದ್ದು ಸ್ಪ್ರೇ ಮಾಡಿ ತಂದವರಿಗೆ ನನ್ನ ನಮಸ್ಕಾರ. ಪ್ರೊಸೆಸರಿನ ಬಿಸಿಯನ್ನು ಅದರ ಮೇಲಿನ ಲೋಹದ ಹೀಟ್‌ಸಿಂಕಿಗೆ ದಾಟಿಸುವ ಪೇಸ್ಟ್ ಬದಲಿಸುವುದಾದರೆ, ಹೀಟ್‌ಸಿಂಕ್ ಮೇಲೆ ಒಂದು, ಎರಡು, ಮೂರು ಅಂತ ನಂಬರ್ ಇರುತ್ತವೆ. ಬಿಗಿ ಮಾಡುವಾಗ ಅದೇ ಕ್ರಮ, ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ. ಲ್ಯಾಪ್‌ಟಾಪ್ ಪ್ರೊಸೆಸರಿಗೆ ಮೇಲೆ ಲೋಹದ ಮುಚ್ಚಳ ಇರುವುದಿಲ್ಲ, ಒಂದೇ ಬದಿ ಒತ್ತಿದರೆ ಮೂಲೆ ಚಕ್ಕೆ ಏಳುತ್ತದೆ. ಒರೆಸಲು 99 ಶೇಕಡದ ಐಸೋಪ್ರೊಪೈಲ್ ತರಿಸಿಕೊಳ್ಳಿ. ಸ್ಯಾನಿಟೈಸರ್ ಬಳಸಬೇಡಿ, ಅದರಲ್ಲಿ ಗ್ಲಿಸರಿನ್ ಇರುತ್ತದೆ, ಜಿಡ್ಡು ಉಳಿಯುತ್ತದೆ.

ಚಹಾ ಚೆಲ್ಲಿದರೆ? ಆಫ್, ಚಾರ್ಜರ್ ಔಟ್, ಬೋರಲು ಹಾಕಿ ತನ್ನಿ. ಅಕ್ಕಿ ಡಬ್ಬಿಯಲ್ಲಿ ಹುಗಿದು ಇಡಬೇಡಿ. ಅಕ್ಕಿಗೆ ಸಕ್ಕರೆ, ಹಾಲು ಹೀರಲು ಬರುವುದಿಲ್ಲ. ಆ ಹೊತ್ತಿನಲ್ಲಿ ಬೋರ್ಡು ಹಸಿರುಗಟ್ಟುತ್ತದೆ. ಆನ್ ಆಗುತ್ತದಾ ಅಂತ ನೋಡುವ ಚಪಲ ಒಂದನ್ನು ತಡೆದುಕೊಂಡರೆ ಅರ್ಧ ಕೆಲಸ ಆದ ಹಾಗೆ.

ಮುಚ್ಚುವಾಗ ಎಲ್ಲ ಕೇಬಲ್ ಕೂತ ಮೇಲೆ ಕಡೆಗೆ ಬ್ಯಾಟರಿ ಕನೆಕ್ಟರ್. ಹಾಳೆಯ ಮೇಲೆ ಒಂದು ಸ್ಕ್ರೂ ಉಳಿದಿದ್ದರೂ ಮತ್ತೆ ಬಿಚ್ಚುತ್ತೇನೆ. ಕವರಿಗೆ ಸ್ಕ್ರೂ ಹಾಕುವ ಮುಂಚೆ ಎತ್ತಿ ಕಿವಿ ಹತ್ತಿರ ಅಲ್ಲಾಡಿಸಿ ನೋಡುವುದೂ ಇದೆ.

ಥಿಂಕ್‌ಪ್ಯಾಡ್ ಇರುವವರಿಗೆ ಒಂದು ಮಾತು. ಅದರ ಬಯಾಸಿನಲ್ಲಿ ಪವರ್ ವಿಭಾಗದೊಳಗೆ ಒಳಗಿನ ಬ್ಯಾಟರಿಯನ್ನು ನಿಲ್ಲಿಸುವ ಆಯ್ಕೆ ಇದೆ. ಕವರ್ ತೆಗೆಯುವ ಮುಂಚೆಯೇ ಬ್ಯಾಟರಿ ಕಡಿತ. ಎಲ್ಲ ಕಂಪನಿಯವರೂ ಇದನ್ನು ಕೊಡಬಾರದಾ ಅನಿಸುತ್ತದೆ. ಆದರೆ ಕೆಲಸ ಮುಗಿದ ಮೇಲೆ ಪವರ್ ಬಟನ್ ಎಷ್ಟು ಒತ್ತಿದರೂ ಅದು ಏಳುವುದಿಲ್ಲ. ಮೊದಲು ಚಾರ್ಜರ್ ಸಿಕ್ಕಿಸಬೇಕು. ರಾತ್ರಿ ಹತ್ತಕ್ಕೆ "ಸತ್ತೇ ಹೋಯ್ತು ಮಾರಾಯ್ರೆ" ಅಂತ ಫೋನ್ ಮಾಡುವ ಮೊದಲು ಅದೊಂದು ಮಾಡಿ ನೋಡಿ.